ಹುಲ್ಲುಗಾವಲೂ ಹೂವಿನ ಹುಳುಗಳೂ

ದನಕರುಗಳು ಮೇಯುವ ಬಯಲಿನಲ್ಲಿ ಹೂವು ಉಳಿಯದು, ಹೂವಿಲ್ಲದೆಡೆ ಜೇನೂ ಚಿಟ್ಟೆಯೂ ಬಾಳಲಾರವು. ಆದುದರಿಂದ ಹುಲ್ಲುಗಾವಲನ್ನು ಕಾಪಾಡಬೇಕಾದರೆ ಬೇಲಿ ಹಾಕಿ ದನಗಳನ್ನು ಹೊರಗಟ್ಟುವುದೊಂದೇ ಮಾರ್ಗವೆಂದು ವಿದ್ಯಾವಂತರಲ್ಲಿ ಅನೇಕರು ಭಾವಿಸಿರುವರು. ಈ ಭಾವನೆಯಲ್ಲಿ ಸತ್ಯವು ಅರ್ಧ ಮಾತ್ರವೆಂಬುದನ್ನು ಇಂಗ್ಲೆಂಡಿನವರು ಬಹಳ ಬೆಲೆ ತೆತ್ತು ಕಲಿತರು.

ಆ ದೇಶದಲ್ಲಿ 'ದೊಡ್ಡ ನೀಲಿ' ಎಂದು ಹೆಸರಾದ ಚಿಟ್ಟೆಯೊಂದಿದ್ದಿತು. ಅದು ಕಾಡು ಥೈಮ್ ಎಂಬ ಪರಿಮಳದ ಗಿಡದ ಮೊಗ್ಗಿನಲ್ಲಿ ಮೊಟ್ಟೆಯಿಡುವುದು. ಮರಿಹುಳುವು ಸುಮಾರು 3 ವಾರ ಆ ಹೂವನ್ನು ತಿಂದು ನೆಲಕ್ಕುದುರಿದ ಮೇಲೆ, ಒಂದು ಜಾತಿಯ ಕೆಂಪಿರುವೆಯು ತನ್ನದೇ ಮರಿಯೆಂದು ಭ್ರಮಿಸಿ ಅದನ್ನು ಗೂಡಿಗೆ ಹೊತ್ತೊಯ್ಯುವುದು. ಅಲ್ಲಿ ಈ ಅತಿಥಿಯು ಸುಮಾರು 10 ತಿಂಗಳು ಇರುವೆಯ ಮರಿಗಳನ್ನೇ ಭಕ್ಷಿಸಿ ಬೆಳೆಯುವುದು. (ಇಂತಹ ಅತಿಥಿಗಳು ಮನುಷ್ಯರಲ್ಲಿಯೂ ಇಲ್ಲದಿಲ್ಲ.) ಚಿಟ್ಟೆಗಳ ಸಂಖ್ಯೆ ಕುಗ್ಗಿದಾಗ ಸಂಗ್ರಾಹಕರ ಬಲೆಯೇ ಕಾರಣವೆಂದು ಬಗೆದು ಬೇಲಿ ಕಟ್ಟಿದರು, ಬೇಲಿಯು ದನಕುರಿಗಳನ್ನೂ ತಡೆಯಿತು. 1950ರ ದಶಕದಲ್ಲಿ ಹುಲ್ಲು ಕತ್ತರಿಸುತ್ತಿದ್ದ ಮೊಲಗಳೂ ಸಾಂಕ್ರಾಮಿಕ ರೋಗದಿಂದ ಅಪಾರವಾಗಿ ಸತ್ತುವು. ಹುಲ್ಲು ಎತ್ತರವಾಯಿತು, ಜೇನುಗಳ ಮೆಚ್ಚಿನ ಥೈಮ್ ಅದರಡಿಯಲ್ಲಿ ಸೊರಗಿತು, ಬಿಸಿಲು ತಾಗದೆ ನೆಲ ತಂಪಾಗಲು, ಬೆಚ್ಚನೆಯ ನೆಲವನ್ನೇ ಬಯಸುವ ಆ ಇರುವೆಯು ಕಾಲ್ತೆಗೆಯಿತು. ಜೆರಿಮಿ ಥಾಮಸ್ ಎಂಬ ವಿಜ್ಞಾನಿಗಳು ಈ ಗುಟ್ಟನ್ನು ಬಿಡಿಸುವ ವೇಳೆಗೆ ಕಾಲ ಮಿಂಚಿದ್ದಿತು. 1979ರಲ್ಲಿ ಚಿಟ್ಟೆಯು ಬ್ರಿಟನ್ನಿನಲ್ಲಿ ನಿರ್ನಾಮವಾಯಿತು. ಬಳಿಕ ಕಾಲವರಿತು ಮೇಯಿಸಿ ಹುಲ್ಲನ್ನು ಗಿಡ್ಡವಾಗಿರಿಸಿ, 1983ರಿಂದ ಸ್ವೀಡನ್ನಿನ ಹುಳುಗಳನ್ನು ತಂದು ಬಿಟ್ಟ ಮೇಲೆ ಅದು ಪುನಃ ನೆಲೆಗೊಂಡಿತು.

ಹಾಗೆಂದು ಎಷ್ಟು ಮೇಯಿಸಿದರೂ ಲೇಸೆಂದು ಯಾರೂ ತಿಳಿಯಬಾರದು. ಜೇನಿನ ಜಾತಿಗಳಲ್ಲಿ ಬಹುಪಾಲು ಮರದಲ್ಲಿ ಹುಟ್ಟು ಕಟ್ಟುವುವಲ್ಲ; ನೆಲದಲ್ಲಿ ಬಿಲ ತೋಡಿ ಒಂಟಿಯಾಗಿ ಬಾಳುವುವು. ಗೊರಸಿನ ತುಳಿತ ಅಳತೆ ಮೀರಿದರೆ ಅವುಗಳ ಬಿಲಗಳು ಮುಚ್ಚುವುವು. ಮೊಗ್ಗು ಅರಳುವ ಮೊದಲೇ ದನದ ಬಾಯಿಗೆ ಹೋದರೆ ಅವಕ್ಕೆ ಆಹಾರವೂ ಇಲ್ಲ. ನೆಲಕ್ಕೆ ಮೇವೂ ಬೇಕು, ಮೇವಿನ ನಡುವೆ ಬಿಡುವೂ ಬೇಕು.

ನಮ್ಮ ನಾಡಿನಲ್ಲಿ ಇಂತಹ ಬಿಡುವಿನ ಏರ್ಪಾಡು ಹಿಂದೆಯೇ ಇದ್ದಿತು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎನಿಸಿತು. ಅದರ ಕಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ, ಹಿಂಡುಗಳನ್ನು ಋತುವಿಗೊಂದೆಡೆ ನಡೆಸುತ್ತಿದ್ದರು. ಹುಳುಗಳ ಹಿತಕ್ಕಾಗಿ ಮಾಡಿದುದೆಂದು ನಾವು ಹೇಳುವುದಿಲ್ಲ. ಫಿರಂಗಿ ಎಳೆಯುವ ಎತ್ತುಗಳಿಗಾಗಿ ಮಾಡಿದುದು. ಆದರೂ ಹಿಂಡು ತೆರಳಿದೆಡೆ ಹುಲ್ಲೂ ಹೂಗಿಡವೂ ಚಿಗುರಿ ಬೀಜ ಕಟ್ಟಲು ಅವಕಾಶವಿದ್ದಿತು. ಇಂದು ಚಿಕ್ಕಮಗಳೂರು, ಹಾಸನ, ತುಮಕೂರು, ಚಿತ್ರದುರ್ಗದ ಸೀಮೆಗಳಲ್ಲಿ ಕಾವಲುಗಳೆಷ್ಟೋ ಒತ್ತುವರಿಯಾಗಿವೆ, ಕೆಲವು ನೆಡುತೋಪುಗಳಾಗಿವೆ, ಚಳ್ಳಕೆರೆಯಲ್ಲಿ 2009ರ ಸುಮಾರಿನಿಂದ ಸಾವಿರಾರು ಎಕರೆಯು ದೊಡ್ಡ ಸಂಸ್ಥೆಗಳ ಗೋಡೆಯೊಳಗೆ ಸೇರಿದೆ. ನೆಲ ಕಿರಿದಾದಂತೆ ಸುತ್ತಣ ಊರುಗಳ ದನಕುರಿಗಳೆಲ್ಲ ಉಳಿದ ಚೂರಿನಲ್ಲಿಯೇ ಮೇಯಬೇಕು. ಬಿಡುವೆಂಬುದು ಎಲ್ಲಿಯದು? ಇದಕ್ಕಾಗಿ ರೈತನನ್ನೂ ಕುರುಬನನ್ನೂ ದೂರುವುದು ನ್ಯಾಯವಲ್ಲ.

ಉಳಿದ ಕಾವಲು, ಗೋಮಾಳಗಳನ್ನು ಮೂರು ಪಾಲು ಮಾಡಿ, ಗ್ರಾಮಸ್ಥರ ಒಪ್ಪಿಗೆಯಿಂದ ಸರದಿಯಂತೆ ಒಂದೊಂದು ಪಾಲಿಗೆ ಮಳೆಗಾಲದಲ್ಲಿ ಬಿಡುವು ಕೊಡಿಸಿ, ಆ ಅವಧಿಯ ಮೇವನ್ನು ಬೇರೆಡೆಯಿಂದ ಒದಗಿಸಲು ಕಂದಾಯ ಮತ್ತು ಪಶುಪಾಲನಾ ಇಲಾಖೆಗಳ ಅಧಿಕಾರಿಗಳು ಮುಂದಾಗಬೇಕೆಂದು ಕೋರುವೆವು. ಕಾವಲಿನಂಚಿನ ಹೊಲಗಳಲ್ಲಿ ರೈತರು ಬಿತ್ತುವ ಹುಚ್ಚೆಳ್ಳು ತನ್ನ ಪರಾಗದಿಂದ ತಾನೇ ಚೆನ್ನಾಗಿ ಕಾಳು ಕಟ್ಟದು. ನೆರೆಯ ಗಿಡದ ಪರಾಗವನ್ನು ಜೇನುಗಳೇ ತಂದುಕೊಡಬೇಕು. ಹಿಂಗಾರಿನಲ್ಲಿ ಆ ಹೊಲಗಳು ಹಳದಿಯಾಗುವ ಹೊತ್ತಿಗೆ ಅವು ಬದುಕಿರಬೇಕಾದರೆ, ಅದಕ್ಕೆ ಮೊದಲಿನ ತಿಂಗಳುಗಳಲ್ಲಿ ಕಾವಲಿನ ಹೂವುಗಳೇ ಅವುಗಳ ಆಹಾರ.