ಹಳೆಯ ಡಸ್ಟರ್ ಗಾಡಿಯ ಆರೈಕೆ

ರೆನೊ ಡಸ್ಟರ್ ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದು 2012ರಲ್ಲಿ. ಆಗಿನ ಗಾಡಿಗಳಿಗೆ ಈಗ ಹತ್ತು ವರ್ಷ ದಾಟಿದೆ. ನಮ್ಮ ಮನೆಯಲ್ಲಿರುವುದೂ ಅಂಥದ್ದೇ ಒಂದು ಸೆಕೆಂಡ್ ಹ್ಯಾಂಡ್ ಡೀಸೆಲ್ ಡಸ್ಟರ್. ಅಬ್ಬಾ ಅದರಲ್ಲಿ ರೆಡಿಮೇಡ್ ಬಟ್ಟೆಯ ಗಂಟು ಹಾಕಿಕೊಂಡು ಸಂತೆಗಳಿಗೆ ಹೋಗುತ್ತಾರೆ. ಗಾಡಿ ನಿಂತ ದಿನ ವ್ಯಾಪಾರವೂ ನಿಲ್ಲುತ್ತದೆ. ನನಗೆ ಲೈಸೆನ್ಸ್ ವಯಸ್ಸಾಗಿಲ್ಲ, ಆದರೆ ಬಾನೆಟ್ ತೆರೆದು ನೋಡಲು ಲೈಸೆನ್ಸ್ ಬೇಕಿಲ್ಲವಲ್ಲ. ಹಾಗಾಗಿ ವಾರದ ತಪಾಸಣೆ ನನ್ನ ಪಾಲಿನ ಕೆಲಸ.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ ನೋಡಬೇಕು. ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಹಾಕಿ ತೆಗೆಯಿರಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಕೂಲಂಟ್ ಮತ್ತು ಬ್ರೇಕ್ ಆಯಿಲ್ ಡಬ್ಬಿಗಳ ಮೇಲೂ ಇಂಥದ್ದೇ ಗುರುತುಗಳಿವೆ. ಕೂಲಂಟ್ ಬದಲು ಬರೀ ನಲ್ಲಿ ನೀರು ಹಾಕುತ್ತಾ ಹೋದರೆ ಒಳಗೆ ತುಕ್ಕು ಹಿಡಿಯುತ್ತದೆ. ಟೈರ್ ಗಾಳಿಯನ್ನೂ ತಣ್ಣಗಿರುವಾಗಲೇ ಅಳೆಯಬೇಕು. ಎಂಜಿನ್ ಆಯಿಲ್ ಮತ್ತು ಅದರ ಫಿಲ್ಟರನ್ನು 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಬದಲಾಯಿಸಬೇಕು.

ಮುಖ್ಯವಾದ ವಿಷಯ ಟೈಮಿಂಗ್ ಬೆಲ್ಟ್. ಈ ಡೀಸೆಲ್ ಎಂಜಿನ್‌ನಲ್ಲಿ ಇರುವುದು ರಬ್ಬರ್ ಬೆಲ್ಟ್, ಚೈನ್ ಅಲ್ಲ. ಅದು ಕವರ್ ಒಳಗಿರುವುದರಿಂದ ಸವೆದದ್ದು ನಮಗೆ ಕಾಣುವುದಿಲ್ಲ. ಓಡುವಾಗ ತುಂಡಾದರೆ ಪಿಸ್ಟನ್‌ಗಳು ವಾಲ್ವ್‌ಗಳಿಗೆ ಬಡಿದು ಎಂಜಿನ್ನೇ ಬಿಚ್ಚುವ ಖರ್ಚು ಬರುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡಾಗ ಬೆಲ್ಟ್ ಬದಲಾಯಿಸಿದ ಬಿಲ್ ಸಿಗದಿದ್ದರೆ, ಬದಲಾಯಿಸಿಲ್ಲ ಎಂದೇ ತಿಳಿದು ಹೊಸದು ಹಾಕಿಸುವುದು ಕ್ಷೇಮ. ವಾಟರ್ ಪಂಪ್ ತಿರುಗುವುದೂ ಅದೇ ಬೆಲ್ಟ್‌ನಿಂದ. ಹಾಗಾಗಿ ಪಂಪ್ ಮತ್ತು ಟೆನ್ಷನರ್ ಎರಡನ್ನೂ ಜೊತೆಗೇ ಹಾಕಿಸಿದರೆ ಒಂದೇ ಮಜೂರಿಯಲ್ಲಿ ಕೆಲಸ ಮುಗಿಯುತ್ತದೆ.

ಇನ್ನು ದಾರಿಯಲ್ಲಿ ಬರುವ ತೊಂದರೆಗಳು. ಕೀ ತಿರುಗಿಸಿದಾಗ ಬರೀ ಟಿಕ್ ಟಿಕ್ ಸದ್ದು ಬಂದು ಲೈಟ್ ಮಂಕಾದರೆ ಮೊದಲು ಬ್ಯಾಟರಿ ನೋಡಿ. ಅದರ ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿರಬಹುದು. ಸ್ವಚ್ಛ ಮಾಡುವಾಗ ಮೈನಸ್ ತಂತಿಯನ್ನು ಮೊದಲು ಬಿಚ್ಚಿ, ಕೊನೆಗೆ ಹಾಕಿ. ಸ್ಟಾರ್ಟರ್ ಚೆನ್ನಾಗಿ ತಿರುಗಿಯೂ ಎಂಜಿನ್ ಹೊತ್ತಿಕೊಳ್ಳದಿದ್ದರೆ ಡೀಸೆಲ್ ಬರುತ್ತಿಲ್ಲವೇನೋ ಎಂದು ಅನುಮಾನಿಸಬೇಕು. ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿರಬಹುದು.

ಎಂಜಿನ್ ಬಿಸಿ ಏರಿದರೆ ಎಸಿ ಆಫ್ ಮಾಡಿ, ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಕಾಯಿರಿ. ಬಿಸಿ ಇರುವಾಗ ಕೂಲಂಟ್ ಮುಚ್ಚಳ ತೆರೆಯಲೇಬಾರದು, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಕೆಂಪು ಆಯಿಲ್ ದೀಪ ಹೊತ್ತಿದರಂತೂ ಗ್ಯಾರೇಜ್ ಹತ್ತಿರವೇ ಇದೆ ಎಂದು ಓಡಿಸಬೇಡಿ. ಬ್ರೇಕ್ ಹಾಕಿದಾಗ ಕೀರಲು ಸದ್ದು ಬಂದರೆ ಪ್ಯಾಡ್ ಸವೆದಿರಬಹುದು. ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ನೋಡಿಸಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ, ಅದು ಮೆಕ್ಯಾನಿಕ್ ಕೆಲಸ.

ನಾವು ಕಾಮರ್ಸ್‌ನವರು ವರ್ಷದ ಕೊನೆಗೆ ಸವಕಳಿ ಬರೆಯುತ್ತೇವೆ. ಗಾಡಿಯ ಭಾಗಗಳು ಮಾತ್ರ ಪ್ರತಿದಿನ ಸವೆಯುತ್ತವೆ. ಅದಕ್ಕೇ ನಾನು ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿದ್ದೇನೆ: ತಾರೀಖು, ಕಿಲೋಮೀಟರ್, ಮಾಡಿಸಿದ ಕೆಲಸ, ಕೊಟ್ಟ ಹಣ. ಮುಂದಿನ ಖರ್ಚು ಯಾವ ತಿಂಗಳು ಬರುತ್ತದೆ ಎಂಬ ಅಂದಾಜು ಅದರಿಂದ ಸಿಗುತ್ತದೆ. ಅಬ್ಬಾ ಪ್ರತಿ ಸಂತೆಯ ಗಳಿಕೆಯಲ್ಲಿ ಸ್ವಲ್ಪ ಅದಕ್ಕೆಂದೇ ತೆಗೆದಿಡುತ್ತಾರೆ. ಬೆಲ್ಟ್ ಹಾಕಿಸಿದ್ದು ಸಾಲ ಮಾಡಿ ಅಲ್ಲ, ಆ ಹಣದಿಂದಲೇ. ನಿಮ್ಮ ಮನೆಯ ಗಾಡಿ ಯಾವುದೇ ಆಗಿರಲಿ, ಈ ಭಾನುವಾರ ಡಿಪ್‌ಸ್ಟಿಕ್ ಎಳೆದು ನೋಡಿ, ನೋಟ್‌ಬುಕ್ಕಿನ ಮೊದಲ ಸಾಲು ಬರೆಯಿರಿ.