ಆಕಾಶದಲ್ಲೊಂದು ಗುಟ್ಟಿನ ವಿಮಾನ



ಒಳಗೆ ಒಬ್ಬರೂ ಇಲ್ಲದ ವಿಮಾನ ರಾಕೆಟ್ಟಿನ ಮೇಲೆ ಕೂತು ಹೋಗಿ, ಎರಡೂವರೆ ವರ್ಷ ಭೂಮಿಯನ್ನು ಸುತ್ತಿ, ತಾನಾಗಿಯೇ ಇಳಿದು ಬಂತು ಅಂದ್ರೆ ನಂಬ್ತೀರಾ? ನಾನೂ ಮೊದಲು ನಂಬಲಿಲ್ಲ. ಅದರ ಹೆಸರು ಎಕ್ಸ್-37ಬಿ. ಅಮೆರಿಕದ ಸೈನ್ಯದ್ದು. ಉದ್ದ ಸುಮಾರು 9 ಮೀಟರ್, ನಂಜನಗೂಡಿನಿಂದ ತಿ.ನರಸೀಪುರಕ್ಕೆ ಹೋಗುವ ಬಸ್ಸಿಗಿಂತ ಚಿಕ್ಕದು. 2010ರಲ್ಲಿ ಮೊದಲ ಸಲ ಹಾರಿತು. ಆರನೇ ಸಲ 908 ದಿನ ಮೇಲಿದ್ದು 2022ರ ನವೆಂಬರಿನಲ್ಲಿ ಇಳಿಯಿತು. ಬೀಜಗಳನ್ನು ಇಟ್ಟು ನೋಡಿದಂಥ ಕೆಲವು ಪ್ರಯೋಗಗಳನ್ನು ಹೇಳಿದ್ದಾರೆ. ಉಳಿದದ್ದು ಗುಟ್ಟು.

ಇಂಥ ವಿಮಾನ ಇಳಿಯೋದು ಹೇಗೆ? ಇದನ್ನು ತಿಳಿಯಲು ಅಮೆರಿಕಕ್ಕೆ ಹೋಗಬೇಕಿಲ್ಲ. ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರ ಇಸ್ರೋದವರು 'ಪುಷ್ಪಕ್' ಎಂಬ ರೆಕ್ಕೆಯ ವಾಹನವನ್ನು 2023ರ ಏಪ್ರಿಲ್, 2024ರ ಮಾರ್ಚ್ ಮತ್ತು ಜೂನ್ ತಿಂಗಳಲ್ಲಿ ಇಳಿಸಿ ನೋಡಿದರು. ಈ ಮೂರೂ ಸಲ ಅದು ಭೂಮಿ ಸುತ್ತಲು ಹೋದದ್ದಲ್ಲ, ಇಳಿಯೋದು ಕಲಿತದ್ದು. ವಾಯುಪಡೆಯ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟುಬಿಟ್ಟಿತು. ಎಂಜಿನ್ ಬಲವಿಲ್ಲದೆ, ಹದ್ದು ರೆಕ್ಕೆ ಬಡಿಯದೆ ತೇಲುವ ಹಾಗೆ ಇಳಿಯಬೇಕು. ಬಸ್ಸು ಸ್ಟಾಪ್ ದಾಟಿದರೆ ಡ್ರೈವರಣ್ಣ ರಿವರ್ಸ್ ತಗೋಬಹುದು. ಇದಕ್ಕೆ ಇನ್ನೊಂದು ಸಲ ಅನ್ನೋದೇ ಇಲ್ಲ! ಮೂರನೇ ಪರೀಕ್ಷೆಯಲ್ಲಿ ಬೇಕಂತಲೇ 500 ಮೀಟರ್ ಪಕ್ಕಕ್ಕೆ ಬಿಟ್ಟರು. ಅದು ತಾನೇ ದಾರಿ ಸರಿಮಾಡಿಕೊಂಡು ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ನೆಲ ಮುಟ್ಟಿತು. ಹಿಂದೆ ಪ್ಯಾರಾಚೂಟ್ ಬಿಚ್ಚಿ ವೇಗ ಸುಮಾರು 100ಕ್ಕೆ ಇಳಿಯಿತು, ಆಮೇಲೆ ಚಕ್ರದ ಬ್ರೇಕು. ಪುಷ್ಪಕ್ ಎಷ್ಟು ವೇಗದಲ್ಲಿ ಇಳಿಯಿತು ಅಂತ ಇಸ್ರೋ ಎಲ್ಲರಿಗೂ ಹೇಳಿತು. ಹಾಗಾಗಿಯೇ ನಾನು ಇಲ್ಲಿ ಬರೆಯಲು ಆಯಿತು.

ಗುಟ್ಟಿನಿಂದ ತೊಂದರೆ ಏನು? ಒಬ್ಬರು ಮುಚ್ಚಿಟ್ಟರೆ ಇನ್ನೊಬ್ಬರಿಗೆ ಅನುಮಾನ. ಚೀನಾ ಕೂಡ 2020ರಿಂದ ಇಂಥದ್ದೊಂದನ್ನು ಗುಟ್ಟಾಗಿ ಹಾರಿಸುತ್ತಿದೆ. 1967ರ ಒಪ್ಪಂದದ ಪ್ರಕಾರ ಭೂಮಿಯ ಸುತ್ತ ಅಣುಬಾಂಬ್ ಇಡುವಂತಿಲ್ಲ. ಆದರೆ ಹಾರುತ್ತಿರುವುದರ ಒಳಗೇನಿದೆ ಅಂತ ತೆಗೆದು ತೋರಿಸಬೇಕೆಂಬ ನಿಯಮ ಅದರಲ್ಲಿಲ್ಲ. ನನ್ನ ಪ್ರಕಾರ ಆ ನಿಯಮ ಬೇಕು. ಅದು ನಮ್ಮ ತಲೆಮೇಲೂ ತಾನೇ ಹಾಯೋದು?

ಆದರೂ ಒಂದು ಮಾತು. 2010ರಲ್ಲಿ ಎಕ್ಸ್-37ಬಿ ಎಲ್ಲಿದೆ ಅಂತ ಹೇಳದಿದ್ದರೂ, ಹವ್ಯಾಸಕ್ಕೆ ಆಕಾಶ ನೋಡುವವರು ಅದನ್ನು ಹುಡುಕಿಬಿಟ್ಟರು! ಸೂರ್ಯ ಮುಳುಗಿದ ಮೇಲೂ ಅಷ್ಟು ಎತ್ತರದಲ್ಲಿ ಬಿಸಿಲಿರುತ್ತೆ. ಅದಕ್ಕೇ ಅದು ಮಿಣುಕದೆ ಸಾಗುವ ಚುಕ್ಕಿಯಂತೆ ಕಾಣುತ್ತೆ. ಕಪಿಲೆ ದಂಡೆಯಲ್ಲಿ ಕತ್ತಲಾದ ಮೇಲೆ ಒಂದು ಗಂಟೆಯೊಳಗೆ ನೀವೂ ನೋಡಿ. ಯಾವುದಾದರೊಂದು ಉಪಗ್ರಹ ಕಂಡರೆ ಹೊತ್ತು, ದಿಕ್ಕು ಬರೆದುಕೊಂಡು ಬನ್ನಿ. ಮುಂದಿನ ಸಂಚಿಕೆಯಲ್ಲಿ ಹಾಕೋಣ.