ಬೆಳವಣಿಗೆ ತಡವೇ? ಹೆದರಿಕೆ ಬೇಡ, ಅಸಡ್ಡೆಯೂ ಬೇಡ

‘ಸರ್, ಇವನ ವಾರಗೆಯವ್ರಿಗೆಲ್ಲ ಮೀಸೆ ಬಂದೈತ್ರಿ, ಇವನು ಮಾತ್ರ ಇದ್ದಂಗೇ ಅದಾನ್ರಿ. ಒಂದು ಟಾನಿಕ್ ಬರ್ಕೊಡ್ರಿ.’ ಸಂಡೂರಿನ ಸುತ್ತಲ ಹಳ್ಳಿಗಳಿಂದ ಬರುವ ತಂದೆತಾಯಿಗಳು ಹೀಗೆ ಕೇಳುವುದುಂಟು.

ಎತ್ತರ ಹೆಚ್ಚಿಸುವ ಟಾನಿಕ್ಕಾಗಲಿ ಪುಡಿಯಾಗಲಿ ಇಲ್ಲ. ಮೊದಲು ಬೇಕಾದುದು ಅಳತೆ. ಮಗುವನ್ನು ಬರಿಗಾಲಲ್ಲಿ ಗೋಡೆಗೊರಗಿಸಿ ನಿಲ್ಲಿಸಿ, ಆರು ತಿಂಗಳಿಗೊಮ್ಮೆ ಗೆರೆ ಎಳೆದು ತಾರೀಖು ಬರೆಯಿರಿ. ನಾಲ್ಕು ವರ್ಷ ದಾಟಿದ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂ.ಮೀ. ಬೆಳೆಯಬೇಕು. 4 ಸೆಂ.ಮೀ.ಗಿಂತ ಕಡಿಮೆಯಾದರೆ ವೈದ್ಯರಿಗೆ ತೋರಿಸಿ. ಹುಡುಗಿಗೆ 13 ತುಂಬಿದರೂ ಎದೆ ಬೆಳೆಯದಿದ್ದರೆ, 15 ತುಂಬಿದರೂ ಮೈನೆರೆಯದಿದ್ದರೆ, ಹುಡುಗನಿಗೆ 14 ತುಂಬಿದರೂ ವೃಷಣಗಳು ದೊಡ್ಡದಾಗದಿದ್ದರೆ ಕಾಯುತ್ತ ಕೂರಬಾರದು.

ಹುಡುಗರಲ್ಲಿ ಬಹುಪಾಲು ಇದು ಮನೆತನದ ಗುಣ. ತಂದೆಯೋ ಸೋದರಮಾವನೋ ಕಾಲೇಜಿಗೆ ಹೋದ ಮೇಲೆ ಉದ್ದವಾದವರಾದರೆ ಇವನೂ ಹಾಗೆಯೇ ತಡವಾಗಿ ಬೆಳೆಯಬಹುದು. ಆದರೆ ಅರೆಹೊಟ್ಟೆ, ರಕ್ತಹೀನತೆ, ಥೈರಾಯ್ಡ್ ಕೊರತೆ, ಕರುಳು ಅಥವಾ ಮೂತ್ರಪಿಂಡದ ಕಾಯಿಲೆ, ಹುಡುಗಿಯರಲ್ಲಿ ಟರ್ನರ್ ಸಿಂಡ್ರೋಮ್ ಎಂಬ ವರ್ಣತಂತುವಿನ ದೋಷವೂ ಕಾರಣವಾದೀತು. ರಕ್ತಪರೀಕ್ಷೆ, ಎಡ ಮಣಿಕಟ್ಟಿನ ಎಕ್ಸ್‌ರೇಗಳಿಂದ ಬಹಳಷ್ಟು ತಿಳಿಯುತ್ತದೆ. ಮೂಳೆಗಳ ಬೆಳೆಯುವ ತುದಿಗಳು ಕೂಡಿಕೊಂಡ ಮೇಲೆ ಯಾವ ಔಷಧಿಯೂ ಎತ್ತರ ಕೊಡದು. ಬೇಗ ತೋರಿಸಬೇಕೆನ್ನುವುದು ಇದಕ್ಕೇ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ವಿಷಯ ತಿಳಿಸಿ. ಅಗತ್ಯವಿದ್ದರೆ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿ. ಹುಡುಗಿಯ ವಿಷಯವೆಂದು ನಾಚಿ ಮುಚ್ಚಿಡಬೇಡಿ.

ಮನೆಯಲ್ಲಿ ‘ಗಿಡ್ಡ’ ಎಂದು ಕರೆಯಬೇಡಿ. ತಮ್ಮನ ಪಕ್ಕ ನಿಲ್ಲಿಸಿ ಹೋಲಿಸಬೇಡಿ. ಮೈ ಚಿಕ್ಕದಿದ್ದರೂ ಹದಿನಾಲ್ಕರ ಹುಡುಗನ ಮನಸ್ಸಿಗೆ ಹದಿನಾಲ್ಕೇ ವರ್ಷ. ವಯಸ್ಸಿಗೆ ತಕ್ಕ ಮಾತು, ವಯಸ್ಸಿಗೆ ತಕ್ಕ ಜವಾಬ್ದಾರಿ ಅವನಿಗೂ ಸಿಗಲಿ.